ತಿಂಗಳು ತುಂಬದೆ ಹುಟ್ಟಿದ ಮಗು: ಶ್ವಾಸಕೋಶ, ಇನ್ಫೆಕ್ಷನ್, ಮತ್ತೆ ಮನೆಯವರು ಮಾಡ್ಬೇಕಾದ್ದು

ನಾನು ಬೆಂಗಳೂರಲ್ಲಿ ಎನ್‌ಐಸಿಯು ನರ್ಸು, ಅಂದ್ರೆ ಈಗಷ್ಟೇ ಹುಟ್ಟಿದ ಮಕ್ಕಳ ಐಸಿಯುನಲ್ಲಿ ಕೆಲಸ. ಬೇಗ ಹುಟ್ಟಿದ ಮಗುವಿನ ಮನೆಯವರು ಕೇಳೋದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. "ಸಿಸ್ಟರ್, ಮಗು ಯಾಕೆ ಹಂಗೆ ಎದೆ ಎಳ್ಕೊಂಡು ಉಸಿರಾಡ್ತಿದೆ?" "ಒಳಗೇ ಇಟ್ಟಿದ್ದೀರಲ್ಲ, ಇನ್ಫೆಕ್ಷನ್ ಎಲ್ಲಿಂದ ಬಂತು?" "ಮನೆಗೆ ಕರ್ಕೊಂಡು ಹೋದ್ಮೇಲೆ ನಾವೇನ್ ಮಾಡ್ಬೇಕು?" ಒಂದೇ ಕಡೆ ಬರೆದಿಟ್ರೆ ಓದ್ಕೊಳ್ಳೋಕೆ, ಮನೆಯವರಿಗೆ ಕಳ್ಸೋಕೆ ಅನುಕೂಲ ಅಂತ ಬರೀತಿದ್ದೀನಿ. ನಿಮ್ಮ ಮಗುಗೆ ಯಾವ ಔಷಧಿ, ಎಷ್ಟು ಅಂತ ಹೇಳ್ಬೇಕಾದೋರು ನಿಮ್ಮ ಡಾಕ್ಟರೇ. ಇದನ್ನ ಓದಿದ್ರೆ ಅವ್ರ ಹತ್ರ ಏನ್ ಕೇಳ್ಬೇಕು ಅನ್ನೋದು ಗೊತ್ತಾಗತ್ತೆ.

ಮೊದ್ಲು ತೊಂದ್ರೆ ಏನು ಅಂತ ಅರ್ಥ ಮಾಡ್ಕೊಳ್ಳಿ. 37 ವಾರ ತುಂಬೋಕೆ ಮುಂಚೆ ಹುಟ್ಟಿದ್ರೆ ಪ್ರೀಟರ್ಮ್ ಅಂತಾರೆ. ನಮ್ಮ ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಾಳಿಚೀಲಗಳಿರತ್ವೆ, ಅವು ಒಳಗಿಂದ ಒಂದಕ್ಕೊಂದು ಅಂಟ್ಕೊಳ್ದೆ ಇರ್ಲಿ ಅಂತ ದೇಹವೇ ಒಂದು ಜಿಡ್ಡಿನ ಪದಾರ್ಥ ತಯಾರು ಮಾಡತ್ತೆ, ಅದರ ಹೆಸರು ಸರ್ಫ್ಯಾಕ್ಟೆಂಟ್. ಸುಮಾರು 24 ವಾರಕ್ಕೆ ಶುರುವಾಗಿ 34-35 ವಾರದ ಹೊತ್ತಿಗೆ ಸಾಕಷ್ಟು ಆಗತ್ತೆ. ಅದಕ್ಕೆ ಮುಂಚೆ ಹುಟ್ಟಿದ್ರೆ ಗಾಳಿಚೀಲಗಳು ಒದ್ದೆ ಪ್ಲಾಸ್ಟಿಕ್ ಕವರ್ ಥರ ಮೆತ್ಕೊಂಡು ಬಿಡತ್ವೆ, ಪ್ರತಿ ಉಸಿರಿಗೂ ಅದನ್ನ ಬಿಡಿಸ್ಕೊಳ್ಳೋಕೆ ಮಗು ಒದ್ದಾಡತ್ತೆ. ಇದೇ ಆರ್‌ಡಿಎಸ್, ಉಸಿರಾಟದ ತೊಂದ್ರೆ. ಈ ಶ್ವಾಸಕೋಶಕ್ಕೆ ಬೇಕಾಗಿರೋದು ಬಲಿಯೋಕೆ ಟೈಮು. ಕೆಳಗೆ ಹೇಳೋ ಚಿಕಿತ್ಸೆ ಎಲ್ಲಾ ಆ ಟೈಮ್ ಗಳಿಸಿಕೊಡೋಕೆ ಇರೋದು, ಇನ್ಫೆಕ್ಷನ್ ಬಂದ್ರೆ ಅದನ್ನ ಕಿತ್ಕೊಂಡು ಬಿಡತ್ತೆ. ಅದಕ್ಕೇ ಎರಡನ್ನೂ ಒಟ್ಟಿಗೆ ಬರೀತಿದ್ದೀನಿ.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. "ಏಳು ತಿಂಗಳಿಗೆ ಹುಟ್ಟಿದ್ರೆ ಉಳಿಯತ್ತೆ, ಎಂಟಕ್ಕೆ ಹುಟ್ಟಿದ್ರೆ ಉಳಿಯಲ್ಲ" ಅಂತಾರಲ್ಲ, ಅದು ಶುದ್ಧ ಸುಳ್ಳು. ಹೊಟ್ಟೆ ಒಳಗೆ ಕಳೆದ ಒಂದೊಂದು ವಾರವೂ ಶ್ವಾಸಕೋಶಕ್ಕೆ ಲಾಭಾನೇ. ಎಂಟು ತಿಂಗಳಿಗೆ ಹೆತ್ತ ಬಾಣಂತಿ ಮುಂದೆ ಆ ಮಾತಾಡಿ ಅವಳ ಧೈರ್ಯ ಕೆಡಿಸ್ಬೇಡಿ.

1. ಹೆರಿಗೆಗೆ ಮುಂಚೆ: ಸ್ಟೀರಾಯ್ಡ್ ಇಂಜೆಕ್ಷನ್

ಮಗುವಿನ ಶ್ವಾಸಕೋಶದ ಚಿಕಿತ್ಸೆ ಅಮ್ಮನ ತೋಳಿಂದಾನೋ ತೊಡೆಯಿಂದಾನೋ ಶುರುವಾಗತ್ತೆ. ಹೆರಿಗೆ ಬೇಗ ಆಗೋ ಸೂಚನೆ ಇದ್ರೆ ಅಮ್ಮನಿಗೆ ಡೆಕ್ಸಾಮೆಥಸೋನ್ ಅಥವಾ ಬೀಟಾಮೆಥಸೋನ್ ಇಂಜೆಕ್ಷನ್ ಕೊಡ್ತಾರೆ. ಅದು ಅಮ್ಮನ ರಕ್ತದಿಂದ ಮಗುಗೆ ಹೋಗಿ ಶ್ವಾಸಕೋಶ ಬೇಗ ಬಲಿಯೋ ಹಾಗೆ ಮಾಡತ್ತೆ. ನಮ್ಮಲ್ಲಿ ಸಾಮಾನ್ಯವಾಗಿ 24ರಿಂದ 34 ವಾರದ ಒಳಗೆ, ಡೆಕ್ಸಾ ಆದ್ರೆ 6 ಮಿಲಿಗ್ರಾಂನಂತೆ 12 ಗಂಟೆಗೊಂದು, ಒಟ್ಟು ನಾಲ್ಕು ಡೋಸ್. ಬೀಟಾ ಆದ್ರೆ 12 ಮಿಲಿಗ್ರಾಂನಂತೆ 24 ಗಂಟೆ ಬಿಟ್ಟು ಎರಡು.

ಇದು ಹೊಸದೇನಲ್ಲ, ನ್ಯೂಜಿಲೆಂಡಿನ ಲಿಗಿನ್ಸ್ ಮತ್ತೆ ಹೋವಿ ಅನ್ನೋ ಡಾಕ್ಟರುಗಳು 1972ರಲ್ಲೇ ತೋರಿಸಿಕೊಟ್ಟಿದ್ರು. ನಮ್ಮಂಥ ದೇಶಗಳ ಆಸ್ಪತ್ರೆಗಳಲ್ಲೂ ಕೆಲಸ ಮಾಡತ್ತಾ ಅಂತ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು, ಅದರಲ್ಲಿ ನಮ್ಮ ಬೆಳಗಾವಿಯೂ ಇತ್ತು, 26ರಿಂದ 33 ವಾರದ ಗರ್ಭಿಣಿಯರಿಗೆ ಇಂಜೆಕ್ಷನ್ ಕೊಟ್ಟಾಗ ಮಕ್ಕಳ ಸಾವು ಕಡಿಮೆ ಆಯ್ತು.

ಜನ ಇಲ್ಲಿ ಎಡವೋದು ಮೂರು ಕಡೆ. ಒಂದು, ಸ್ಟೀರಾಯ್ಡ್ ಅನ್ನೋ ಹೆಸರು ಕೇಳೇ ಬೇಡ ಅನ್ನೋದು. ಜಿಮ್‌ನವರು ತಗೋಳೋ ಸ್ಟೀರಾಯ್ಡೇ ಬೇರೆ, ಇದೇ ಬೇರೆ. ಎರಡು, "ನೋವು ಕಡಿಮೆ ಆಯ್ತು, ನಾಳೆ ನೋಡೋಣ" ಅನ್ನೋದು. ಮೊದಲ ಡೋಸ್ ಆಗಿ 24 ಗಂಟೆ ಕಳೆದ್ರೆ ಪೂರ್ತಿ ಲಾಭ ಸಿಗತ್ತೆ, ಅಷ್ಟು ಟೈಮ್ ಇಲ್ಲದಿದ್ರೂ ಒಂದು ಡೋಸ್ ಬಿದ್ದಿದ್ರೆ ಸ್ವಲ್ಪನಾದ್ರೂ ಉಪಯೋಗ ಇರತ್ತೆ, ಹಾಗಾಗಿ ಬೇರೆ ಆಸ್ಪತ್ರೆಗೆ ಕಳಿಸೋದಾದ್ರೆ ಕಳಿಸೋ ಮುಂಚೇನೇ ಮೊದಲ ಡೋಸ್ ಕೊಡ್ತೀರಾ ಅಂತ ಕೇಳಿ, ಕೊಟ್ಟ ಟೈಮ್ ಚೀಟಿ ಮೇಲೆ ಬರೆಸ್ಕೊಳ್ಳಿ. ಮೂರು, ಎಷ್ಟು ವಾರ ಅನ್ನೋದೇ ಸರಿಯಾಗಿ ಗೊತ್ತಿಲ್ದೆ ಇರೋದು. ಮೊದಲ ಮೂರು ತಿಂಗಳ ಸ್ಕ್ಯಾನ್ ರಿಪೋರ್ಟ್ ಇದ್ರೆ ವಾರದ ಲೆಕ್ಕ ಪಕ್ಕಾ ಇರತ್ತೆ, ಅದನ್ನ ತಾಯಿ ಕಾರ್ಡ್ ಜೊತೇಲೇ ಇಟ್ಕೊಳ್ಳಿ. ಅಮ್ಮನಿಗೆ ಶುಗರ್ ಇದ್ರೆ ಈ ಇಂಜೆಕ್ಷನ್ ಆದ್ಮೇಲೆ ಕೆಲವು ದಿನ ಶುಗರ್ ಏರತ್ತೆ, ಚೆಕ್ ಮಾಡಿಸ್ತಾ ಇರಿ.

ನೀರು ಸೋರಿದ್ರೆ, ಜ್ವರ ಬಂದ್ರೆ, ಬಿಳಿಮುಟ್ಟು ವಾಸನೆ ಬಂದ್ರೆ, ಉರಿಮೂತ್ರ ಇದ್ರೆ ಅವತ್ತೇ ತೋರಿಸಿ. ಅಮ್ಮನ ಇನ್ಫೆಕ್ಷನ್ ಹೆರಿಗೆನೂ ಬೇಗ ಮಾಡಿಸತ್ತೆ, ಮಗುಗೂ ದಾಟತ್ತೆ. ನೀರು ಸೋರಿದವರಿಗೆ ಆಂಟಿಬಯೋಟಿಕ್ ಕೊಡೋದು ಇದಕ್ಕೇನೇ.

2. ಎಲ್ಲಿ ಹೆರಿಗೆ?

ಮಗು ಹುಟ್ಟಿದ್ಮೇಲೆ ಆಂಬುಲೆನ್ಸ್‌ನಲ್ಲಿ ಸಾಗಿಸೋದಕ್ಕಿಂತ ಹೊಟ್ಟೆ ಒಳಗಿರುವಾಗ್ಲೇ ಅಮ್ಮನನ್ನ ಎನ್‌ಐಸಿಯು ಇರೋ ಕಡೆ ಸೇರಿಸೋದು ಎಷ್ಟೋ ಮೇಲು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು ಕೆಜಿ ಮಗುನ ಬೆಚ್ಚಗಿಟ್ಟು ಉಸಿರು ಕೊಡ್ತಾ ಕರ್ಕೊಂಡು ಬರೋದು ಎಷ್ಟು ಕಷ್ಟ ಅಂತ ನಮಗೇ ಗೊತ್ತು. ವಾಣಿ ವಿಲಾಸದಂಥ ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ನವಜಾತ ಮಕ್ಕಳ ಘಟಕ ಎರಡೂ ಇದೆ, ಹುಟ್ಟಿದ ಮೇಲೆ ರೆಫರ್ ಆಗೋ ಮಕ್ಕಳನ್ನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಹೊರಡೋ ಮುಂಚೆ ಬೆಡ್ ಇದೆಯಾ ಅಂತ ಈ ಕಡೆ ಆಸ್ಪತ್ರೆಯವರಿಂದಲೇ ಫೋನ್ ಮಾಡಿಸಿ, ಎಮರ್ಜೆನ್ಸಿ ಆದ್ರೆ 108.

ದುಡ್ಡಿನ ವಿಷಯ ನಾಚಿಕೆ ಪಡದೆ ಮೊದಲ ದಿನವೇ ಕೇಳಿ. ಸರ್ಕಾರಿ ಆಸ್ಪತ್ರೇಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ ಮತ್ತೆ ಹುಷಾರಿಲ್ಲದ ಮಗುವಿನ ಚಿಕಿತ್ಸೆ ಒಂದು ವರ್ಷದ ತನಕ ಉಚಿತ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಸಿಗತ್ತೆ, ಪ್ರೈವೇಟ್‌ಗೆ ಹೋಗೋದಾದ್ರೆ ಆ ಆಸ್ಪತ್ರೆ ಸ್ಕೀಮ್‌ನಲ್ಲಿದೆಯಾ, ರೆಫರಲ್ ಪತ್ರ ಬೇಕಾ ಅಂತ ಅಲ್ಲಿನ ಆರೋಗ್ಯ ಮಿತ್ರ ಡೆಸ್ಕಲ್ಲಿ ಅಡ್ಮಿಷನ್ ಟೈಮಲ್ಲೇ ವಿಚಾರಿಸಿ, ಡಿಸ್ಚಾರ್ಜ್ ದಿನ ಕಾರ್ಡ್ ತೋರಿಸಿದ್ರೆ ತುಂಬಾ ತೊಂದ್ರೆ ಆಗತ್ತೆ.

3. ಹುಟ್ಟಿದ ಕೂಡ್ಲೆ: ಬಿಸಿ, ಉಸಿರು

ಮಗು ಸರಿ ಇದ್ರೆ ಹೊಕ್ಕುಳಬಳ್ಳಿನ ಕನಿಷ್ಠ ಒಂದು ನಿಮಿಷ ಬಿಟ್ಟು ಕತ್ತರಿಸ್ತಾರೆ. ತುಂಬಾ ಸಣ್ಣ ಮಗುನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುತ್ತಾರೆ, ಅದನ್ನ ನೋಡಿ ಗಾಬರಿ ಆಗ್ಬೇಡಿ, ಒದ್ದೆ ಮೈಯಿಂದ ಬಿಸಿ ಹೋಗದೆ ಇರ್ಲಿ ಅಂತ. ತಣ್ಣಗಾದ ಮಗುಗೆ ಉಸಿರಾಟದ ಕಷ್ಟವೂ ಹೆಚ್ಚು, ಇನ್ಫೆಕ್ಷನ್ನೂ ಹೆಚ್ಚು.

ಆಮೇಲೆ ಸಿಪ್ಯಾಪ್. ಮೂಗಿಗೆ ಸಣ್ಣ ನಳಿಕೆ ಇಟ್ಟು ಸದಾ ಮೆಲ್ಲಗಿನ ಒತ್ತಡದಲ್ಲಿ ಗಾಳಿ ಕೊಡೋದು, ಸಾಮಾನ್ಯವಾಗಿ 5-6 ಸೆಂಟಿಮೀಟರ್ ನೀರಿನ ಒತ್ತಡ. ಪಕ್ಕದ ನೀರಿನ ಬಾಟ್ಲಿಲಿ ಗುಳುಗುಳು ಅಂತ ಗುಳ್ಳೆ ಬರ್ತಿರತ್ತೆ, ಆ ಸದ್ದು ನಿಂತ್ರೆ ಎಲ್ಲೋ ಗಾಳಿ ಸೋರ್ತಿದೆ ಅಂತ ಅರ್ಥ, ಮಗು ಪಕ್ಕ ಕೂತಿದ್ದಾಗ ನಿಮಗೆ ಹಾಗನ್ಸಿದ್ರೆ ಸಿಸ್ಟರ್‌ಗೆ ಹೇಳಿ. ಇದು ಗಾಳಿಚೀಲಗಳನ್ನ ಮುಚ್ಕೊಳ್ಳೋಕೆ ಬಿಡಲ್ಲ, ಗಂಟಲಿಗೆ ಪೈಪ್ ಇಳಿಸೋ ಅಗತ್ಯ ಎಷ್ಟೋ ಮಕ್ಕಳಲ್ಲಿ ತಪ್ಪಿಸತ್ತೆ. ಹೊಟ್ಟೆ ಸ್ವಲ್ಪ ಉಬ್ಬಿದ ಹಾಗೆ ಕಾಣತ್ತೆ, ಗಾಳಿ ತೆಗೆಯೋಕೆ ಬಾಯಿಂದ ಹೊಟ್ಟೆಗೆ ಸಣ್ಣ ಟ್ಯೂಬ್ ಹಾಕಿರ್ತಾರೆ. ಮೂಗಿನ ಮಧ್ಯದ ಚರ್ಮ ಕೆಂಪಾಗಿದ್ರೆ ಅದನ್ನೂ ತೋರಿಸಿ, ಅಲ್ಲಿ ಹುಣ್ಣಾಗೋ ಸಾಧ್ಯತೆ ಇರತ್ತೆ.

4. ಸರ್ಫ್ಯಾಕ್ಟೆಂಟ್, ಕೆಫೀನ್, ವೆಂಟಿಲೇಟರ್

ಸಿಪ್ಯಾಪ್ ಇದ್ರೂ ಆಕ್ಸಿಜನ್ ಜಾಸ್ತಿ ಬೇಕಾಗ್ತಾ ಹೋದ್ರೆ ಸರ್ಫ್ಯಾಕ್ಟೆಂಟ್‌ನ ಹೊರಗಿಂದ ಕೊಡ್ತಾರೆ, ಶ್ವಾಸನಾಳಕ್ಕೆ ನೇರವಾಗಿ ಬಿಡೋ ಬಿಳಿ ದ್ರವ. 1980ರಲ್ಲಿ ಜಪಾನಿನ ಫುಜಿವಾರಾ ಅವರು ಮಕ್ಕಳಿಗೆ ಇದನ್ನ ಯಶಸ್ವಿಯಾಗಿ ಕೊಟ್ಟು ತೋರಿಸಿದ ಮೇಲೆ ಬಳಕೆಗೆ ಬಂತು. ಇದನ್ನ ಹಂದಿ ಅಥವಾ ದನದ ಶ್ವಾಸಕೋಶದಿಂದ ತಯಾರಿಸ್ತಾರೆ, ಕೆಲವು ಮನೆಯವರು ಆ ಬಗ್ಗೆ ಕೇಳ್ತಾರೆ, ಕೇಳೋ ಹಕ್ಕು ನಿಮಗಿದೆ, ಆದ್ರೆ ಇದು ಬೇಗ ಕೊಟ್ಟಷ್ಟೂ ಒಳ್ಳೇದು, ನಿರ್ಧಾರಕ್ಕೆ ಗಂಟೆಗಟ್ಟಲೆ ತಗೋಬೇಡಿ. ಬೆಲೆ ಜಾಸ್ತಿ, ಡೋಸ್ ಮಗುವಿನ ತೂಕದ ಮೇಲೆ. ಈಗ ತೆಳು ಟ್ಯೂಬಲ್ಲಿ ಕೊಟ್ಟು ಮತ್ತೆ ಸಿಪ್ಯಾಪ್‌ನಲ್ಲೇ ಮುಂದುವರಿಸೋ ವಿಧಾನವೂ ಇದೆ.

ಕೆಫೀನ್ ಅಂದ್ರೆ ಹೌದು, ಕಾಫಿಲಿರೋದೇ. ಬೇಗ ಹುಟ್ಟಿದ ಮಕ್ಕಳ ಮೆದುಳಿಗೆ ಉಸಿರಾಡ್ಬೇಕು ಅನ್ನೋದು ಆಗಾಗ ಮರೆತು ಹೋಗತ್ತೆ, 20 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತ್ರೆ ಅಪ್ನಿಯಾ ಅಂತೀವಿ. ದಿನಾ ಕೊಡೋ ಕೆಫೀನ್ ಇದನ್ನ ತಡೆಯತ್ತೆ, ಜೊತೆಗೆ ಬಿಪಿಡಿನೂ ಕಡಿಮೆ ಮಾಡತ್ತೆ. ಬಿಪಿಡಿ ಅಂದ್ರೆ ಶ್ವಾಸಕೋಶಕ್ಕೆ ಪೆಟ್ಟಾಗಿ ತಿಂಗಳು ಕಳೆದ್ರೂ ಆಕ್ಸಿಜನ್ ಬಿಡೋಕಾಗದ ಸ್ಥಿತಿ.

ವೆಂಟಿಲೇಟರ್ ಜೀವ ಉಳಿಸತ್ತೆ, ಆದ್ರೆ ಜಾಸ್ತಿ ದಿನ ಇದ್ರೆ ಎಳೆ ಶ್ವಾಸಕೋಶಕ್ಕೆ ಪೆಟ್ಟು, ಪೈಪಿನ ಮೂಲಕ ನ್ಯುಮೋನಿಯಾ ಕೂಡ ಬರಬಹುದು. ಅದಕ್ಕೇ ಡಾಕ್ಟರುಗಳು ತೆಗೆಯೋಕೆ ಅಷ್ಟು ಆತುರ ಮಾಡೋದು, ದುಡ್ಡು ಕಟ್ಟಿಲ್ಲ ಅಂತ ತೆಗೆದ್ರಾ ಅಂತ ಅನುಮಾನ ಬಂದ್ರೆ ನೇರವಾಗಿ ಕೇಳಿಬಿಡಿ.

ಮಾನಿಟರಲ್ಲಿ ರಕ್ತದ ಆಕ್ಸಿಜನ್ ಪರ್ಸೆಂಟ್ ನೋಡ್ಕೊಂಡು "ಸಿಸ್ಟರ್, 92 ಇದೆ, ಆಕ್ಸಿಜನ್ ಜಾಸ್ತಿ ಮಾಡಿ, 100 ಬರ್ಲಿ" ಅಂತ ಕೇಳೋರು ತುಂಬಾ ಜನ. ಆಕ್ಸಿಜನ್ ಮೇಲಿರೋ ಪ್ರೀಟರ್ಮ್ ಮಗುಗೆ 90-95 ಸಾಕು. 100 ಮಾಡೋಕೆ ಹೋದ್ರೆ ಕಣ್ಣಿನ ಪರದೆ ಹಾಳಾಗೋ ಆರ್‌ಒಪಿ ಕಾಯಿಲೆ ಬರೋ ಅಪಾಯ ಹೆಚ್ಚು.

5. ಇನ್ಫೆಕ್ಷನ್: ಎಲ್ಲಿಂದ ಬರತ್ತೆ, ಹೇಗೆ ತಡೆಯೋದು

ರಕ್ತಕ್ಕೆ ಹರಡಿದ ಇನ್ಫೆಕ್ಷನ್‌ಗೆ ಸೆಪ್ಸಿಸ್ ಅಂತಾರೆ. ಮೊದಲ 72 ಗಂಟೆ ಒಳಗೆ ಬಂದ್ರೆ ಹೆಚ್ಚಾಗಿ ಅಮ್ಮನಿಂದ, ಆಮೇಲೆ ಬಂದ್ರೆ ಹೆಚ್ಚಾಗಿ ಸುತ್ತಮುತ್ತಲಿನ ಕೈ, ಪೈಪು, ಸೂಜಿ, ಹಾಲಿನ ಬಟ್ಟಲಿಂದ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕ್ಲೆಬ್ಸಿಯೆಲ್ಲ, ಅಸಿನೆಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಜಾಸ್ತಿ, ಬಹಳಷ್ಟು ಸಲ ಮಾಮೂಲಿ ಆಂಟಿಬಯೋಟಿಕ್‌ಗೆ ಅವು ಬಗ್ಗಲ್ಲ. ಹಾಗಾಗಿ ಬರದ ಹಾಗೆ ನೋಡ್ಕೊಳ್ಳೋದೇ ದೊಡ್ಡ ಚಿಕಿತ್ಸೆ.

ಕೈ. ಒಳಗೆ ಬರೋಕೆ ಮುಂಚೆ ಉಂಗುರ, ವಾಚು, ಬಳೆ, ಕೈಗೆ ಕಟ್ಟಿದ ದಾರ ತೆಗೀರಿ, ತೋಳು ಮೊಣಕೈ ಮೇಲೆ ಮಡಚಿ, ಉಗುರು ಕತ್ತರಿಸಿ. ಸೋಪು ಹಾಕಿ 40ರಿಂದ 60 ಸೆಕೆಂಡ್, ಬೆರಳ ಸಂದಿ, ಹೆಬ್ಬೆರಳು, ಉಗುರು ತುದಿ ಎಲ್ಲಾ ಉಜ್ಜಿ. ಎಷ್ಟೋ ಜನ ಚೆನ್ನಾಗಿ ತೊಳ್ಕೊಂಡು, ಒಳಗೆ ಬಂದು, ಮಗು ಫೋಟೋ ತೆಗೆಯೋಕೆ ಮೊಬೈಲ್ ಹಿಡ್ಕೊಂಡು, ಅದೇ ಕೈಲಿ ಮಗು ಮುಟ್ತಾರೆ. ಮೊಬೈಲ್ ಮುಟ್ಟಿದ್ರೆ ಮತ್ತೆ ಕೈ ತೊಳೀಬೇಕು. ನಮ್ಮಂಥ ನರ್ಸು, ಡಾಕ್ಟರ್ ಯಾರೇ ಕೈ ತೊಳೀದೆ ಮಗು ಮುಟ್ಟೋಕೆ ಬಂದ್ರೂ "ಕೈ ತೊಳ್ಕೊಂಡ್ರಾ ಮೇಡಂ?" ಅಂತ ಕೇಳಿ, ಅದ್ರಲ್ಲಿ ತಪ್ಪೇನಿಲ್ಲ.

ಹಾಲು. ಇದನ್ನ ನಾನು ಔಷಧಿ ಅಂತಾನೇ ಹೇಳ್ತೀನಿ. ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಕೈಯಿಂದ ಹಿಂಡೋಕೆ ಶುರು ಮಾಡಿ, ಆಮೇಲೆ ರಾತ್ರಿನೂ ಸೇರಿಸಿ ದಿನಕ್ಕೆ 8ರಿಂದ 10 ಸಲ. ಮೊದಲ ದಿನ ಸಿರಿಂಜಿನ ತುದೀಲಿ ಅರ್ಧ ಎಂಎಲ್ ಹಳದಿ ಗಿಣ್ಣುಹಾಲು ಬಂದ್ರೆ ಸಾಕು, "ಹಾಲೇ ಇಲ್ಲ" ಅಂತ ಅಳ್ಬೇಡಿ, ಅದನ್ನ ಮಗುವಿನ ಕೆನ್ನೆ ಒಳಗೆ ಸವರಿದ್ರೂ ಉಪಯೋಗ. ತಾಯಿಹಾಲು ಕುಡಿದ ಮಕ್ಕಳಲ್ಲಿ ಸೆಪ್ಸಿಸ್ ಕಡಿಮೆ, ಕರುಳು ಕೊಳೆಯೋ ಎನ್‌ಇಸಿ ಅನ್ನೋ ಭಯಂಕರ ಕಾಯಿಲೆನೂ ಕಡಿಮೆ. ಮನೆಯಿಂದ ತರೋದಾದ್ರೆ ಕುದಿಸಿದ ಬಟ್ಟಲು, ಮೇಲೆ ಹೆಸರು ಮತ್ತೆ ಹಿಂಡಿದ ಟೈಮ್, ಐಸ್ ಪ್ಯಾಕ್ ಇರೋ ಡಬ್ಬಿ. ಹೊರಗೆ 4 ಗಂಟೆ, ಫ್ರಿಡ್ಜಲ್ಲಿ 24 ಗಂಟೆ, ಅದಕ್ಕಿಂತ ಜಾಸ್ತಿ ಇಡ್ಬೇಡಿ, ಯಲಹಂಕದಿಂದ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡ ಟೈಮೂ ಲೆಕ್ಕಕ್ಕೆ ಸೇರತ್ತೆ. ಹಾಲು ಸಾಲದಿದ್ರೆ ಮಿಲ್ಕ್ ಬ್ಯಾಂಕ್ ಬಗ್ಗೆ ಕೇಳಿ, ವಾಣಿ ವಿಲಾಸದಲ್ಲಿ ಒಂದಿದೆ, ಪ್ರೈವೇಟಲ್ಲೂ ಇವೆ, ಅಲ್ಲಿ ದಾನಿಗಳ ರಕ್ತ ಪರೀಕ್ಷೆ ಮಾಡಿ ಹಾಲನ್ನ 62.5 ಡಿಗ್ರಿಲಿ 30 ನಿಮಿಷ ಪಾಶ್ಚರೈಸ್ ಮಾಡಿರ್ತಾರೆ. ವಾಟ್ಸಾಪ್ ಗ್ರೂಪಲ್ಲಿ ಸಿಕ್ಕಿದ ಯಾರದ್ದೋ ಹಾಲನ್ನ ಮಾತ್ರ ತರ್ಬೇಡಿ.

ಆಂಟಿಬಯೋಟಿಕ್. ಶುರು ಮಾಡೋ ಮುಂಚೆ ರಕ್ತದ ಕಲ್ಚರ್ ತೆಗೀಬೇಕು, ಅಂದ್ರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯತ್ತಾ ಅಂತ ನೋಡೋದು. ಕೇಳ್ಬೇಕಾದ ಪ್ರಶ್ನೆ ಮೂರು: ಕಲ್ಚರ್ ಕಳ್ಸಿದ್ರಾ, 48 ಗಂಟೆಗೆ ಏನ್ ಬಂತು, ಇನ್ನೆಷ್ಟು ದಿನ ಕೊಡ್ತೀರ. ಕಲ್ಚರ್‌ನಲ್ಲಿ ಏನೂ ಬೆಳೀದೆ ಮಗು ಚೆನ್ನಾಗಿದ್ರೆ ನಿಲ್ಲಿಸೋದೇ ಸರಿ, "ಇನ್ನೂ ಎರಡು ದಿನ ಇರ್ಲಿ" ಅಂತ ನೀವೇ ಒತ್ತಾಯ ಮಾಡ್ಬೇಡಿ, ಸುಮ್ಸುಮ್ನೆ ಉದ್ದಕ್ಕೆ ಕೊಟ್ರೆ ಕರುಳಿನ ಕಾಯಿಲೆಗೂ ದಾರಿ ಆಗತ್ತೆ.

6. ಕಾಂಗರೂ ಆರೈಕೆ

ಡೈಪರ್, ಟೋಪಿ ಬಿಟ್ಟು ಬರೀ ಮೈಯ ಮಗುನ ಅಮ್ಮನ ಬರೀ ಎದೆ ಮೇಲೆ ಇಟ್ಕೊಳ್ಳೋದು. ಅಪ್ಪ, ಅಜ್ಜಿ ಕೂಡ ಮಾಡಬಹುದು. ಮಗು ಪೂರ್ತಿ ಸುಧಾರಿಸೋ ತನಕ ಕಾಯ್ದೆ ಹುಟ್ಟಿದ ಕೂಡ್ಲೆ ಶುರು ಮಾಡಿದ್ರೆ ಸಾವು ಕಾಲು ಭಾಗ ಕಡಿಮೆ ಅಂತ ಭಾರತವೂ ಸೇರಿದ್ದ ಅಧ್ಯಯನ 2021ರಲ್ಲಿ ಹೇಳಿತು, ಇನ್ಫೆಕ್ಷನ್ನೂ ಕಡಿಮೆ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ದಿನಕ್ಕೆ 8ರಿಂದ 24 ಗಂಟೆ ಅಂತ ಹೇಳ್ತಿದೆ. ಸಿಪ್ಯಾಪ್ ಇದ್ರೂ ಮಾಡಬಹುದು. "ಬಾಣಂತಿ ಮಲಗಿರ್ಬೇಕು, ಎದೆ ಮೇಲೆ ಭಾರ ಹಾಕ್ಬೇಡಿ" ಅಂತ ದೊಡ್ಡೋರು ಅಂದ್ರೆ ಸಮಾಧಾನವಾಗಿ ಹೇಳಿ, ಒರಗಿ ಕೂತ್ಕೊಂಡು ಮಾಡೋದು, ಅವಳಿಗೂ ರೆಸ್ಟ್ ಸಿಗತ್ತೆ.

7. ಮನೆಗೆ ಬಂದ್ಮೇಲೆ

ಹೊಗೆ ಬೇಡ. ನಮ್ಮಲ್ಲಿ ನೀರು ಹಾಕಿದ್ಮೇಲೆ ಸಾಂಬ್ರಾಣಿ ಹೊಗೆ ಕೊಡೋದು ಪದ್ಧತಿ, ಪ್ರೀತಿಯಿಂದಾನೇ ಮಾಡ್ತಾರೆ, ಆದ್ರೆ ಈ ಮಕ್ಕಳ ಶ್ವಾಸಕೋಶಕ್ಕೆ ಅದು ನೇರ ಪೆಟ್ಟು. ಕೂದಲು ಒಣಗ್ಬೇಕು ಅಂದ್ರೆ ಮೆತ್ತನೆ ಬಟ್ಟೇಲಿ ಒರೆಸಿದ್ರಾಯ್ತು. ಊದುಬತ್ತಿ, ಸೊಳ್ಳೆ ಕಾಯಿಲ್, ಬೀಡಿ ಸಿಗರೇಟು, ದೀಪಾವಳಿ ಪಟಾಕಿ ಎಲ್ಲಕ್ಕೂ ಇದೇ ಮಾತು, ಸೊಳ್ಳೆಗೆ ಪರದೆ ಕಟ್ಟಿ. ಮೂಗಿಗೆ ಎಣ್ಣೆ ಬಿಡ್ಬೇಡಿ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗತ್ತೆ. ಕರ್ಪೂರ, ವಿಕ್ಸ್ ಹಚ್ಚೋದು, ಜೇನು ನೆಕ್ಕಿಸೋದು, ಬಜೆ ತೇಯ್ದು ಹಾಕೋದು, ಕೆಮ್ಮಿನ ಸಿರಪ್ ಯಾವುದೂ ಬೇಡ.

ಮಗುಗೆ ನೀರು ಹಾಕೋಕೆ ಬರೋ ಹೆಂಗಸು ನಾಲ್ಕು ಮನೆ ಮಕ್ಕಳನ್ನ ಮುಟ್ಟಿ ಬಂದಿರ್ತಾರೆ, ಅವರಿಗೇ ನೆಗಡಿ ಇದ್ರೆ? ಡಾಕ್ಟರ್ ಹೇಳೋ ತನಕ ಸ್ನಾನ ಬೇಡ, ಬೆಚ್ಚಗಿನ ಬಟ್ಟೇಲಿ ಒರೆಸಿ ಸಾಕು. ನಾಮಕರಣ, ತೊಟ್ಟಿಲು ಶಾಸ್ತ್ರ ಮನೆಮಟ್ಟಿಗೆ ಮಾಡ್ಕೊಳ್ಳಿ, ಊಟದ ಕಾರ್ಯಕ್ರಮ ಆಮೇಲೆ ಇಟ್ಕೊಂಡ್ರಾಯ್ತು. ಶಾಲೆಗೆ ಹೋಗೋ ಅಣ್ಣ ಅಕ್ಕ ಇದ್ರೆ ಬಂದ ತಕ್ಷಣ ಕೈ ತೊಳೆದು ಬಟ್ಟೆ ಬದಲಾಯಿಸ್ಲಿ, ನೆಗಡಿ ಇದ್ರೆ ದೂರ ಇರ್ಲಿ. ಮಳೆಗಾಲ ಮತ್ತೆ ಅದರ ಹಿಂದಿನ ಚಳೀಲಿ ಆರ್‌ಎಸ್‌ವಿ ಅನ್ನೋ ವೈರಸ್ ಓಡಾಡತ್ತೆ, ದೊಡ್ಡೋರಿಗೆ ಬರೀ ನೆಗಡಿ, ಈ ಮಕ್ಕಳಿಗೆ ಮತ್ತೆ ಐಸಿಯು. ಅದಕ್ಕೆ ತಡೆ ಇಂಜೆಕ್ಷನ್ ನಿಮ್ಮ ಮಗುಗೆ ಬೇಕಾ ಅಂತ ಡಾಕ್ಟರ್‌ನ ಕೇಳಿ.

ಅಂಗಾತ ಮಲಗಿಸಿ. ಎನ್‌ಐಸಿಯುನಲ್ಲಿ ಬೋರಲು ಮಲಗಿಸಿದ್ದನ್ನ ನೋಡಿ ಮನೇಲೂ ಹಾಗೇ ಮಾಡ್ತಾರೆ, ಅಲ್ಲಿ 24 ಗಂಟೆ ಮಾನಿಟರ್ ಇತ್ತು, ಮನೇಲಿ ಇಲ್ಲ.

ಆಕ್ಸಿಜನ್ ಜೊತೆ ಮನೆಗೆ ಕಳ್ಸಿದ್ರೆ: ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡೋ ಕಾನ್ಸಂಟ್ರೇಟರ್ ಮಷಿನ್‌ಗೆ ಕರೆಂಟ್ ಬೇಕು, ಹೋದ್ರೆ ಅಂತ ಸಿಲಿಂಡರ್ ಒಂದು ಇರ್ಲೇಬೇಕು. ಅದನ್ನ ಗ್ಯಾಸ್ ಸ್ಟವ್, ದೇವರ ದೀಪದ ಹತ್ರ ಇಡ್ಬೇಡಿ. ದೊಡ್ಡೋರ ಬೆರಳಿಗೆ ಹಾಕೋ ಆಕ್ಸಿಮೀಟರ್ ಮಗುಗೆ ಸರಿಯಾಗಿ ತೋರ್ಸಲ್ಲ, ಮಕ್ಕಳ ಪ್ರೋಬ್ ಇರೋದೇ ಬೇಕು. ನೀವಾಗೇ ಆಕ್ಸಿಜನ್ ಕಡಿಮೆ ಮಾಡ್ಬೇಡಿ.

8. ಇವು ಕಂಡ್ರೆ ರಾತ್ರಿ ಎರಡು ಗಂಟೆ ಆದ್ರೂ ಹೊರಡಿ

ಮಗು ನಿದ್ದೇಲಿ ಇದ್ದಾಗ ಹೊಟ್ಟೆ ನೋಡ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸೋದು ಡಿಸ್ಚಾರ್ಜ್‌ಗೆ ಮುಂಚೆನೇ ನಮ್ಮ ಹತ್ರ ಕಲೀರಿ. ಅರ್ಧ ನಿಮಿಷ ಎಣಿಸಿ ಡಬಲ್ ಮಾಡಿದ್ರೆ ತಪ್ಪಾಗತ್ತೆ, ಯಾಕಂದ್ರೆ ಈ ಮಕ್ಕಳು 5-10 ಸೆಕೆಂಡ್ ನಿಲ್ಲಿಸಿ ಮತ್ತೆ ಜೋರಾಗಿ ಉಸಿರಾಡೋದು ಮಾಮೂಲಿ. ಎರಡು ಸಲ ಎಣಿಸಿದಾಗ್ಲೂ 60 ದಾಟಿದ್ರೆ, ಪಕ್ಕೆ ಒಳಗೆ ಹೋಗ್ತಿದ್ರೆ, ಉಸಿರು ಬಿಡುವಾಗ ನರಳಿದ ಸದ್ದು ಬಂದ್ರೆ, ತುಟಿ ನಾಲಿಗೆ ನೀಲಿ ಆದ್ರೆ, ಉಸಿರು 20 ಸೆಕೆಂಡ್ ನಿಂತ್ರೆ ಕಾಯ್ಬೇಡಿ. ಇನ್ಫೆಕ್ಷನ್‌ಗೆ ಜ್ವರವೇ ಬರ್ಬೇಕು ಅಂತಿಲ್ಲ, ಸಣ್ಣ ಮಗು ಬಹಳ ಸಲ ತಣ್ಣಗಾಗತ್ತೆ. ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರ್ಬೇಕು, ಕಡಿಮೆ ಇದ್ರೆ ಎದೆಗೆ ಒತ್ತಿ ಇಟ್ಕೊಳ್ಳಿ, ಆದ್ರೂ ಏರದಿದ್ರೆ ಹೊರಡಿ. ಹಾಲು ಬಿಟ್ಟಿದ್ದು, ಮೆತ್ತಗಾಗಿದ್ದು, ಹೊಟ್ಟೆ ಉಬ್ಬಿ ಹಸಿರು ವಾಂತಿ, ಫಿಟ್ಸ್ ಇವೂ ಅಷ್ಟೇ. "ಪಾಪ ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದೆ, ಎಬ್ಬಿಸ್ಬೇಡಿ" ಅಂತ ಎರಡು ಹೊತ್ತಿನ ಹಾಲು ತಪ್ಪಿಸಿದ ಮಕ್ಕಳು ಎಷ್ಟೋ ಸಲ ತಡವಾಗಿ ನಮ್ಮ ಹತ್ರ ಬರ್ತಾವೆ. ಹೋಗುವಾಗ್ಲೂ ಮಗುನ ಎದೆಗೆ ಕಟ್ಕೊಂಡೇ ಹೋಗಿ.

9. ಲಸಿಕೆ, ಕಣ್ಣು, ಫಾಲೋಅಪ್

ಲಸಿಕೆ ಲೆಕ್ಕ ಹುಟ್ಟಿದ ದಿನದಿಂದ, ಡ್ಯೂ ಡೇಟಿಂದ ಅಲ್ಲ. "ಇನ್ನೂ ಸಣ್ಣದು" ಅಂತ ಮುಂದೂಡೋದೇ ತುಂಬಾ ಆಗೋ ತಪ್ಪು. 6 ವಾರಕ್ಕೆ ಐದು ಕಾಯಿಲೆ ತಡೆಯೋ ಪೆಂಟಾ, ನ್ಯುಮೋನಿಯಾ ತಡೆಯೋ ಪಿಸಿವಿ ಎಲ್ಲಾ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಹುಟ್ಟುವಾಗ ತೂಕ 2 ಕೆಜಿಗಿಂತ ಕಡಿಮೆ ಇದ್ರೆ ಹೆಪಟೈಟಿಸ್ ಬಿ ಲೆಕ್ಕ ಸ್ವಲ್ಪ ಬೇರೆ, ಡಾಕ್ಟರ್ ಹೇಳ್ತಾರೆ. ಫ್ಲೂ ಲಸಿಕೆ ಮಗುಗೆ 6 ತಿಂಗಳಿಂದ, ಮನೆಯ ದೊಡ್ಡೋರು ಈಗ್ಲೇ ಹಾಕಿಸ್ಕೊಳ್ಳಿ.

34 ವಾರಕ್ಕಿಂತ ಮುಂಚೆ ಅಥವಾ 2 ಕೆಜಿಗಿಂತ ಕಡಿಮೆ ಹುಟ್ಟಿದ್ರೆ ಆರ್‌ಒಪಿ ಕಣ್ಣಿನ ಪರೀಕ್ಷೆ 30 ದಿನದ ಒಳಗೆ ಆಗ್ಲೇಬೇಕು, ತೀರಾ ಸಣ್ಣ ಮಕ್ಕಳಿಗೆ ಎರಡು-ಮೂರು ವಾರಕ್ಕೇ. ಹೊರಗಿಂದ ಕಣ್ಣು ಚೆನ್ನಾಗೇ ಕಾಣತ್ತೆ, ತಪ್ಪಿಸಿದ್ರೆ ಪೂರ್ತಿ ದೃಷ್ಟಿ ಹೋಗಬಹುದು. ಊರಿಗೆ ಹೋಗೋರಿದ್ರೆ ಇದನ್ನ ಮುಗಿಸ್ಕೊಂಡೇ ಹೋಗಿ, ಅಥವಾ ನಾರಾಯಣ ನೇತ್ರಾಲಯದವರು 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ತಂಡ ನಿಮ್ಮ ಜಿಲ್ಲೆಗೆ ಯಾವತ್ತು ಬರತ್ತೆ ಅಂತ ಆಸ್ಪತ್ರೇಲಿ ವಿಚಾರಿಸಿ, ಅವರು ಕ್ಯಾಮೆರಾ ತಗೊಂಡು ಜಿಲ್ಲೆಗಳಿಗೇ ಹೋಗಿ ಮಕ್ಕಳ ಕಣ್ಣು ನೋಡ್ತಾರೆ.

ಕೊನೇದಾಗಿ ಫೈಲು. ಡಿಸ್ಚಾರ್ಜ್ ಸಮ್ಮರಿ, ಎಷ್ಟು ವಾರಕ್ಕೆ ಹುಟ್ಟಿದ್ದು, ವೆಂಟಿಲೇಟರ್ ಮತ್ತೆ ಆಕ್ಸಿಜನ್ ಎಷ್ಟು ದಿನ, ಕಲ್ಚರಲ್ಲಿ ಯಾವ ಬ್ಯಾಕ್ಟೀರಿಯಾ ಬಂದಿತ್ತು, ಕೊಟ್ಟ ಆಂಟಿಬಯೋಟಿಕ್, ಕಣ್ಣು ಮತ್ತೆ ಕಿವಿ ಪರೀಕ್ಷೆ ರಿಪೋರ್ಟ್, ಎಲ್ಲದರ ಫೋಟೋ ಅಪ್ಪ ಅಮ್ಮ ಇಬ್ಬರ ಮೊಬೈಲಲ್ಲೂ ಇರ್ಲಿ. ಮಗು ಎರಡು ವರ್ಷದ್ದಾಗೋ ತನಕ ಯಾವ ಡಾಕ್ಟರ್ ಹತ್ರ ಹೋದ್ರೂ, ಬರೀ ನೆಗಡಿಗೇ ಹೋಗಿದ್ರೂ, "ಇದು ಇಷ್ಟು ವಾರಕ್ಕೆ ಹುಟ್ಟಿದ ಮಗು" ಅನ್ನೋದನ್ನ ಮೊದಲ ಮಾತಾಗಿ ಹೇಳಿ.